80 ದಾಟಿದ್ರ ಬರೋ ಬೀಪ್: ಕಲಬುರಗಿ–ಬೀದರ್ ರೋಡಿನ್ಯಾಗ ಬಳಸಿ ನೋಡಿ ಬರ್ದ ರಿವ್ಯೂ

ಈ ರಿವ್ಯೂ ಕಾರಿಂದಲ್ರಿ, ಕಾರಿನ್ಯಾಗ ಇರೋ ಒಂದು ಸಪ್ಪಳದ್ದು. ಸ್ಪೀಡ್ 80 ದಾಟಿದ್ ಕೂಡ್ಲೇ ಮೀಟರ್ ಕಡಿಂದ ಒಂದು ಬೀಪ್ ಬರ್ತದಲ್ಲ, ಅದ್ರದ್ದು. ಮೈಲೇಜ್ ಬಗ್ಗೆ, ಸನ್‌ರೂಫ್ ಬಗ್ಗೆ, ಟಚ್ ಸ್ಕ್ರೀನ್ ಬಗ್ಗೆ ಬರ್ಯೋರು ಭಾಳ ಮಂದಿ ಅದಾರ, ಈ ಬೀಪ್ ಬಗ್ಗೆ ಮಾತ್ರ ಯಾರ್ ಮಾತಾಡಿದ್ರೂ ಬೈಲಾಕೇ ಮಾತಾಡ್ತಾರ, "ಅದನ್ನ ಬಂದ್ ಮಾಡೋದು ಹೆಂಗ್ರಿ" ಅಂತ ಕೇಳ್ತಾರ. ನಾ ಕೆಲಸದ ಸಲುವಾಗಿ ಕಲಬುರಗಿಯಿಂದ ಹುಮನಾಬಾದ್, ಬೀದರ್ ಕಡಿ ಹೋಗ್ತಾ ಬರ್ತಾ ಇರ್ತೀನಿ, ಒಮ್ಮೊಮ್ಮಿ ಹೈದರಾಬಾದ್ ತನಕ ಬಿ ಹೋಗ್ತೀನಿ, ಮತ್ತ ನನ್ನ ಅಭಿಪ್ರಾಯ ಏನಂದ್ರ ಇಡೀ ಗಾಡ್ಯಾಗ ರೊಕ್ಕ ಕೊಡ್ದೇ ಸಿಕ್ಕಿದ್ದು, ದಿನಾ ಕೆಲಸಕ್ಕ ಬಂದಿದ್ದು ಇದೊಂದೇ. ಆದ್ರ ಅದಕ್ಕ ಒಂದು ದೊಡ್ಡ ಕೊರತಿ ಬಿ ಅದ, ಅದನ್ನ ಯಾರೂ ಹೇಳಲ್ಲ, ಅದಕ್ಕೇ ಇಷ್ಟುದ್ದ ಬರೀಲತ್ತೀನಿ.

ಮೊದ್ಲು ಇದು ಏನು ಅಂತ ಹೇಳ್ತೀನಿ. 2019 ಜುಲೈ 1ರ ನಂತರ ತಯಾರಾದ ಎಲ್ಲಾ ಕಾರಿಗೂ ಸರ್ಕಾರ ಇದನ್ನ ಕಡ್ಡಾಯ ಮಾಡ್ತು. ಎಐಎಸ್-145 ಅಂತ ಒಂದು ಸ್ಟ್ಯಾಂಡರ್ಡ್ ಅದ, ಅದರ ಪ್ರಕಾರ ಡ್ರೈವರ್ ಏರ್‌ಬ್ಯಾಗ್, ಸೀಟ್ ಬೆಲ್ಟ್ ಹಾಕ್ಲಿಲ್ಲಂದ್ರ ಕೂಗೋದು, ರಿವರ್ಸ್ ಸೆನ್ಸರ್, ಇದು, ಎಲ್ಲಾ ಒಂದೇ ಸಲ ಬಂದ್ವು. ಸ್ಪೀಡ್ 80 ದಾಟಿದ್ರ ನಿಮಿಷಕ್ಕೊಮ್ಮಿ ಎಚ್ಚರ ಮಾಡ್ತದ, 120 ದಾಟಿದ್ರ ನಿಲ್ಲದೇ ಕೂಗ್ತನೇ ಇರ್ತದ. ಸ್ಪೀಡ್ ಕಮ್ಮಿ ಮಾಡಿದ್ರ ತಾನೇ ಸುಮ್ನಾಗ್ತದ. ಗಾಡಿ ತಾನಾಗಿ ಬ್ರೇಕ್ ಹಿಡ್ಯಲ್ಲ, ಆಕ್ಸಿಲರೇಟರ್ ತಡ್ಯಲ್ಲ, ಬರೇ ಹೇಳ್ತದ ಅಷ್ಟೇ, ಹಿಂದಿನ ಸೀಟಿನ್ಯಾಗ ಕೂತ ಅವ್ವ "ಸಾವಕಾಶ ಹೊಡಿಯಪ್ಪಾ" ಅಂದಂಗ.

ಸಪ್ಪಳ ಎಷ್ಟು ಜೋರು ಅನ್ನೋದು ಗಾಡಿ ಗಾಡಿಗಿ ಬ್ಯಾರೆ ಬ್ಯಾರೆ. ನನ್ನ ಗಾಡ್ಯಾಗ ಹಾಡು ಹಚ್ಚಿದ್ರೂ ಕೇಳಸ್ತದ, ಮಲಗಿದ ಕೂಸು ಏಳಲ್ಲ, ಅಷ್ಟು ಹದಕ್ಕ ಅದ. ನಮ್ಮ ಕಾಕಾನ ಗಾಡ್ಯಾಗ ಜರಾ ಖಡಕ್ ಇತ್ತು, ಇತ್ತು ಅಂದ್ರ ಈಗ ಇಲ್ಲ. ಹೋದ ಬ್ಯಾಸಿಗ್ಯಾಗ ಅವರ ಗಾಡಿ ನಾ ಹೊಡಕೊಂಡು ಬೀದರಿನಿಂದ ಬರೋವಾಗ 80 ದಾಟಿ ಮುಂದಿನ ಲಾರಿ ಓವರ್‌ಟೇಕ್ ಮಾಡ್ದೆ, ಏನೂ ಸಪ್ಪಳ ಬರ್ಲಿಲ್ಲ. "ಕಾಕಾ, ಬೀಪ್ ಎಲ್ಲಿ ಹೋತ್ರಿ" ಅಂದೆ. "ತೆಗ್ಸಿಬಿಟ್ಟೆನಪ್ಪಾ, ತಲಿ ತಿಂತಿತ್ತು" ಅಂದ್ರು. ಸ್ಟೀರಿಯೋ ಕೂಡ್ಸೋ ಅಂಗಡ್ಯಾಗ ಚಿಲ್ಲರ ರೊಕ್ಕಕ್ಕ ಕಟ್ ಮಾಡಿಕೊಡ್ತಾರ ಅಂತ. ನಾ ಅಲ್ಲೇ ಕೇಳ್ದೆ, "ಕಾಕಾ, ಎಲ್ಲಿ ತಲಿ ತಿಂತಿತ್ತು, ಯಾವ ರೋಡಿನ್ಯಾಗ?" ಅವರು ವಿಚಾರ ಮಾಡಿ ಹೇಳಿದ್ರು, ಹೈದರಾಬಾದ್ ರೋಡಿನ್ಯಾಗ ಅಂತ.

ಇಲ್ಲೇ ಅದ ನೋಡ್ರಿ ಅಸಲಿ ಮಾತು.

ಹುಮನಾಬಾದಿನಿಂದ ಜಹೀರಾಬಾದ್ ಕಡಿ ಹೋಗೋದು ಎನ್‌ಎಚ್ 65, ನಮ್ಮ ಕಡಿ ಹಿರ್ಯಾರು ಇನ್ನೂ ಎನ್‌ಎಚ್ ನೈನ್ ಅಂತಾರ, ಪುಣೆ–ಹೈದರಾಬಾದ್ ರೋಡು. ನಡುವ ಡಿವೈಡರ್ ಇರೋ ನಾಲ್ಕು ಲೇನಿನ ರೋಡು ಅದು. ಕೇಂದ್ರ ಸರ್ಕಾರ 2018 ಏಪ್ರಿಲ್‌ನ್ಯಾಗ ಹೊರಡ್ಸಿದ ನೋಟಿಫಿಕೇಶನ್ ಪ್ರಕಾರ ಡಿವೈಡರ್ ಇರೋ ನಾಲ್ಕು ಲೇನ್ ರೋಡಿನ್ಯಾಗ ಕಾರಿಗಿ ಗರಿಷ್ಠ 100, ಎಕ್ಸ್‌ಪ್ರೆಸ್‌ವೇದಾಗ 120. ಅಂದ್ರ ಆ ರೋಡಿನ್ಯಾಗ ನೀವು 90ರಾಗ ಹೊಂಟ್ರ, ಬ್ಯಾರೆ ಬೋರ್ಡ್ ಇಲ್ಲಂದ್ರ, ಕಾನೂನಿನ ಒಳಗೇ ಇರ್ತೀರಿ, ಆದ್ರೂ ಬೀಪ್ ನಿಮಿಷಕ್ಕೊಮ್ಮಿ ಹೊಡ್ಕೋತನೇ ಇರ್ತದ, ಸಿಟ್ಟು ಬರ್ತದ, ಖರೆ.

ಆದ್ರ ಅದೇ ನೋಟಿಫಿಕೇಶನಿನ್ಯಾಗ ಮುಂದಿನ ಸಾಲು ಓದ್ರಿ. ಡಿವೈಡರ್ ಇಲ್ಲದ ಉಳಿದ ರೋಡಿನ್ಯಾಗ ಕಾರಿಗಿ 70. ಬೈಕಿಗಿ 60. ಬಸ್ಸಿಗಿ 60, ಲಾರಿಗಿ 60. ಆಟೋಕ್ಕ 50. ಇವು ಮ್ಯಾಲಿನ ಮಿತಿ, ಸ್ಥಳೀಯವಾಗಿ ಇದಕ್ಕಿಂತ ಕಮ್ಮಿ ಬೋರ್ಡ್ ಹಚ್ಚಿದ್ರ ಆ ಬೋರ್ಡಿಂದೇ ನಡೀತದ, 30 ಅಂದ್ರ 30, 40 ಅಂದ್ರ 40. ಕಲಬುರಗಿಯಿಂದ ಮಹಾಗಾಂವ್ ಕ್ರಾಸ್, ಕಮಲಾಪುರ ದಾಟಿ ಹುಮನಾಬಾದ್ ಹೋಗೋ ಎನ್‌ಎಚ್ 50ರಾಗ ಎದುರಿನ ಗಾಡಿ ನಿಮ್ಮ ಬಲಗಡಿಯಿಂದ ಹಾದು ಹೋಗ್ತದ, ನಡುವ ಬರೇ ಬಿಳಿ ಗೆರಿ. ಅಲ್ಲಿ ಕಾನೂನು 70ಕ್ಕೇ ನಿಂದ್ರು ಅಂತದ, ಬೀಪ್ 80ರ ತನಕ ಬಾಯಿ ತೆಗ್ಯಲ್ಲ. ಅಂದ್ರ ಎಲ್ಲಿ ಬೇಕೋ ಅಲ್ಲಿ ಇದು ಹತ್ತು ಕಿಲೋಮೀಟರ್ ಲೇಟು, ಎಲ್ಲಿ ಬ್ಯಾಡೋ ಅಲ್ಲಿ ಇಪ್ಪತ್ತು ಕಿಲೋಮೀಟರ್ ಮೊದ್ಲು. ಮಂದಿ ಹೈದರಾಬಾದ್ ರೋಡಿನ ಸಿಟ್ಟಿಗಿ ವೈರ್ ಕಟ್ ಮಾಡಸ್ತಾರ, ಅದರ ನಷ್ಟ ಕಮಲಾಪುರ ರೋಡಿನ್ಯಾಗ ಆಗ್ತದ. ನಾ ಹೇಳಿದ ಕೊರತಿ ಇದೇ, ಬೀಪಿಗಿ ರೋಡ್ ಯಾವುದು ಅಂತ ತಿಳ್ಯಲ್ಲ, ಅದಕ್ಕ ಒಂದೇ ನಂಬರ್ ಗೊತ್ತು.

ಹಂಗಾರ ಉಪಯೋಗ ಏನು ಅಂತೀರಿ. ಉಪಯೋಗ ಭಾಳ ಅದ. ಈಗಿನ ಗಾಡಿಗೋಳಿನ್ಯಾಗ ಕಿಟಕಿ ಏರ್ಸಿ ಏಸಿ ಹಚ್ಚಿಬಿಟ್ರ 60ಕ್ಕೂ 90ಕ್ಕೂ ಫರಕ್ ಗೊತ್ತಾಗಲ್ಲ, ಗಾಳಿ ಸಪ್ಪಳ ಇಲ್ಲ, ಇಂಜಿನ್ ಸಪ್ಪಳ ಇಲ್ಲ, ಸ್ಟೀರಿಂಗ್ ನಡಗಲ್ಲ. ಮೊದ್ಲಿನ ಜೀಪ್, ಅಂಬಾಸಿಡರ್ 80ಕ್ಕ ಹೋದ್ರ ಬಾಗ್ಲಾ ಎಲ್ಲಾ ಬಡ್ಕೋತಿದ್ವು, ತಾನೇ ಹೆದರಿಕಿ ಬರ್ತಿತ್ತು. ಈಗ ಗಾಡಿ ಹೆದರ್ಸೋದು ಬಿಟ್ಟದ. ಅದಕ್ಕ ಹೊರಗಿಂದ ಯಾರರ ಹೇಳ್ಬೇಕಾಗ್ತದ. ಊರು ದಾಟಿ ಖಾಲಿ ರೋಡ್ ಸಿಕ್ಕಾಗ, ಎರಡೂ ಕಡಿ ತೊಗರಿ ಹೊಲ, ಮುಂದ ಯಾರೂ ಇಲ್ಲ, ಕಾಲು ತಾನಾಗೇ ಒತ್ತತದ, ಆಗ ಆ ಒಂದು ಬೀಪ್ ಬಂದ್ರ ಕಣ್ಣು ಮೀಟರಿನ ಮ್ಯಾಲ ಹೋಗ್ತದ. ನನಗ ಅಷ್ಟೇ ಬೇಕು.

ಇನ್ನೊಂದು ಮಾತು, ಕಾರಿನ ಮೀಟರ್ ಯಾವಾಗ್ಲೂ ಅಸಲಿ ಸ್ಪೀಡಿಗಿಂತ ಜರಾ ಹೆಚ್ಚೇ ತೋರಸ್ತದ, ಕಮ್ಮಿ ತೋರ್ಸಬಾರ್ದು ಅಂತೇ ನಿಯಮ ಅದ. ನನ್ನ ಗಾಡ್ಯಾಗ ಮೀಟರ್ 80 ಅಂದಾಗ ಫೋನಿನ ಜಿಪಿಎಸ್ 76–77 ಅಂತದ. ಅಂದ್ರ "ಮೀಟರ್ ಸುಳ್ಳು ಹೇಳಿ ನನಗ ಫೈನ್ ಹಾಕ್ಸಿತು" ಅನ್ನೋ ಮಾತಿಗಿ ಅರ್ಥ ಇಲ್ಲ, ಮೀಟರ್ ನೋಡ್ಕೊಂಡು ಹೊಡಿಯೋನಿಗಿ ಅದು ಲಾಭದ ಕಡೀಗೇ ಇರ್ತದ.

ಈಗ ನಮ್ಮ ಕಡಿ ರೋಡಿನ ಬಗ್ಗೆ. ಇದನ್ನ ಬೆಂಗಳೂರಿನ್ಯಾಗ ಕೂತು ಕಾರ್ ರಿವ್ಯೂ ಮಾಡೋರು ಹೇಳಲ್ಲ. ನಮ್ಮಲ್ಲಿ ದೀಪಾವಳಿ ಆದ ಮ್ಯಾಲ ಕಬ್ಬಿನ ಸೀಸನ್ ಚಾಲೂ ಆಗ್ತದ, ಆಳಂದ, ಅಫಜಲಪುರ, ಬೀದರ್ ಕಡಿ ರಾತ್ರಿ ಎಲ್ಲಾ ಡಬಲ್ ಟ್ರಾಲಿ ಟ್ರ್ಯಾಕ್ಟರ್ ಓಡಾಡ್ತಾವ, ಹಿಂದಿನ ಟ್ರಾಲಿಗಿ ಲೈಟ್ ಇಲ್ಲ, ರೇಡಿಯಂ ಇಲ್ಲ, ಇದ್ರೂ ಕಬ್ಬಿನ ಸೋಗಿ ಅದನ್ನ ಮುಚ್ಚಿರ್ತದ. ಸೇಡಂ, ವಾಡಿ, ಚಿತ್ತಾಪುರ ಕಡಿ ಸಿಮೆಂಟ್ ಲಾರಿ, ಶಹಾಬಾದ್ ಕಡಿ ಪರ್ಸಿ ಕಲ್ಲಿನ ಗಾಡಿ. ಯುಗಾದಿ ಮುಂದ ಶ್ರೀಶೈಲಕ್ಕ ಪಾದಯಾತ್ರಿ ಹೋಗೋರು ಬಿಸಿಲಿಗಿ ಹೆದ್ರಿ ರಾತ್ರಿ, ನಸುಕಿನ್ಯಾಗ ನಡೀತಾರ, ರೋಡಿನ ಅಂಚಿಗೇ. ಗಾಣಗಾಪುರಕ್ಕ ಹುಣ್ಣಿಮಿಗಿ ಹೋಗೋ ಮಂದಿ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರಿ, ಕಲಬುರಗ್ಯಾಗ ಶರಣಬಸವೇಶ್ವರ ಜಾತ್ರಿ, ಬಂದೇನವಾಜ್ ಉರುಸು, ಈ ದಿನದಾಗ ರೋಡ್ ಅನ್ನೋದು ಗಾಡಿಗಿಂತ ನಡ್ಯೋರಿಗೇ ಹೆಚ್ಚು ಸೇರಿದ್ದು. ಇದರಾಗ 70 ಅನ್ನೋದು ಬಿ ರಾತ್ರಿ ಹೊತ್ತು ನನಗ ಜಾಸ್ತಿ ಅನಸ್ತದ.

ಯಾಕ ಜಾಸ್ತಿ ಅಂತ ಲೆಕ್ಕ ಹಾಕಿ ತೋರಸ್ತೀನಿ, ಲೆಕ್ಕ ಸರಳ ಅದ. ಮುಂದ ಏನೋ ಕಂಡ್ತು ಅಂದಾಗಿಂದ ಬ್ರೇಕಿನ ಮ್ಯಾಲ ಕಾಲು ಬೀಳೋತನಕ ಒಂದು ಸೆಕೆಂಡ್ ಹಿಡೀರಿ, ಅದು ಬಿ ನೀವು ಎಚ್ಚರ ಇದ್ರ. ಆ ಒಂದು ಸೆಕೆಂಡಿನ್ಯಾಗ ಗಾಡಿ 60ರಾಗ ಇದ್ರ 17 ಮೀಟರ್ ಹೋಗಿರ್ತದ, 80ರಾಗ 22 ಮೀಟರ್, 100ರಾಗ 28 ಮೀಟರ್. ಆಮ್ಯಾಲ ಬ್ರೇಕ್ ಹಿಡ್ದು ನಿಂದ್ರೋತನಕ ಒಣ ರೋಡಿನ್ಯಾಗ, ಛಲೋ ಟೈರ್ ಇದ್ರ, 60ಕ್ಕ ಇನ್ನೊಂದು 20 ಮೀಟರ್, 80ಕ್ಕ 35, 100ಕ್ಕ 55 ಮೀಟರ್ ಬೇಕಾಗ್ತದ. ಕೂಡ್ಸಿದ್ರ 60ಕ್ಕ ಹತ್ತತ್ರ 37, 80ಕ್ಕ 57, 100ಕ್ಕ 83. ನೋಡ್ರಿ, ಸ್ಪೀಡ್ 60ರಿಂದ 100ಕ್ಕ ಹೋಗ್ಯದ, ಡಬಲ್ ಬಿ ಆಗಿಲ್ಲ, ಆದ್ರ ನಿಂದ್ರೋ ದೂರ ಎರಡು ಪಟ್ಟು ದಾಟ್ಯದ. ಯಾಕಂದ್ರ ಗಾಡಿ ಹೊತ್ತ ಶಕ್ತಿ ಸ್ಪೀಡಿನ ವರ್ಗದ ಲೆಕ್ಕದಾಗ ಬೆಳೀತದ, ಸ್ಪೀಡ್ ಡಬಲ್ ಆದ್ರ ಹೊಡ್ತ ನಾಲ್ಕು ಪಟ್ಟು. ಈಗ ಎದುರಿಗಿ ಗಾಡಿ ಬಂತು ಅಂತ ನೀವು ಲೈಟ್ ಡಿಮ್ ಮಾಡೀರಿ, ಡಿಮ್ ಲೈಟಿನ್ಯಾಗ ಕಾಣೋದು ಸುಮಾರು 40–50 ಮೀಟರ್. 80ರಾಗ ಹೊಂಟೋನಿಗಿ ಆ ಲೈಟ್ ಇಲ್ಲದ ಕಬ್ಬಿನ ಟ್ರಾಲಿ ಕಂಡಾಗ, ಅವ ಎಷ್ಟೇ ಶಾಣ್ಯಾ ಡ್ರೈವರ್ ಇರ್ಲಿ, ಬ್ರೇಕ್ ಹಿಡಿಲಾಕ ಜಾಗಾನೇ ಇಲ್ಲ. "ನಾ ಇಪ್ಪತ್ ವರ್ಷದಿಂದ ಗಾಡಿ ಹೊಡೀಲತ್ತೀನಿ" ಅನ್ನೋ ಮಾತು ಆ ಏಳೆಂಟು ಮೀಟರಿಗಿ ಏನೂ ಉಪಯೋಗ ಬರಲ್ಲ.

ಬ್ಯಾಸಿಗ್ಯಾಗ ನಮ್ಮ ಕಡಿ ಬಿಸಿಲು 42, 43 ಹೋಗ್ತದ, ಕಾದ ಡಾಂಬರಿನ ಮ್ಯಾಲ ಗಾಳಿ ಕಮ್ಮಿ ಇರೋ ಟೈರ್ ಹಾಕ್ಕೊಂಡು ಮಧ್ಯಾಹ್ನ ಜೋರ್ ಹೊಡಿಯೋದು ಅಂದ್ರ ಟೈರ್ ಒಡಿಲಿ ಅಂತ ಕಾದಂಗೇ. ಅದು ಬಿ ಸ್ಪೀಡಿನ ಮಾತೇ.

ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಏನಂದ್ರ, ಸರಾಸರಿ ಸ್ಪೀಡ್ ಶೇಕಡಾ 1ರಷ್ಟು ಏರಿದ್ರ ಜೀವ ಹೋಗೋ ಆಕ್ಸಿಡೆಂಟಿನ ಅಪಾಯ ಶೇಕಡಾ 4ರಷ್ಟು ಏರ್ತದ. ನಡ್ಕೊಂಡು ಹೋಗೋನಿಗಿ 50ರ ಬದ್ಲಿ 65ರ ಸ್ಪೀಡಿನ್ಯಾಗ ಕಾರ್ ಮುಂದಿಂದ ಬಡದ್ರ ಅವ ಸಾಯೋ ಅಪಾಯ ನಾಲ್ಕೂವರಿ ಪಟ್ಟು. ಹದಿನೈದು ಕಿಲೋಮೀಟರ್ ಫರಕ್ ಅಷ್ಟೇರಿ. ನಮ್ಮ ದೇಶದ ಲೆಕ್ಕ ನೋಡಿದ್ರ, ಕೇಂದ್ರ ರಸ್ತೆ ಸಾರಿಗೆ ಇಲಾಖೆ ವರದಿ ಪ್ರಕಾರ 2022ರಾಗ ರೋಡ್ ಆಕ್ಸಿಡೆಂಟಿನ್ಯಾಗ ಸತ್ತೋರು 1,68,491 ಮಂದಿ, ಅದ್ರಾಗ ಶೇಕಡಾ 71ರಷ್ಟು ಓವರ್ ಸ್ಪೀಡಿಂದ. ಕುಡ್ದು ಹೊಡಿಯೋದು, ಫೋನಿನ್ಯಾಗ ಮಾತಾಡೋದು, ರಾಂಗ್ ಸೈಡ್, ಎಲ್ಲಾ ಕೂಡ್ಸಿದ್ರೂ ಅದರ ಹತ್ರ ಬಿ ಬರಲ್ಲ. ನಾವು ಮನ್ಯಾಗ ಕೂತು ಕುಡ್ದು ಹೊಡಿಯೋರಿಗಿ ಬೈತೀವಿ, ಜೋರ್ ಹೊಡಿಯೋನಿಗಿ "ಮಸ್ತ್ ಹೊಡೀತಾನ" ಅಂತ ಶಬ್ಬಾಶ್ ಕೊಡ್ತೀವಿ. ನನಗ ಇದು ಭಾಳ ಸಂಕಟ ಆಗ್ತದ.

ಫೈನ್ ವಿಷಯಕ್ಕ ಬರ್ತೀನಿ, ಯಾಕಂದ್ರ ಬೀಪ್ ಬಂದ್ ಮಾಡ್ಸಿದೋರಿಗಿ ಕೊನೀಗಿ ಇದರ ಬಿಸಿ ತಟ್ಟತದ. 2019ರ ಸೆಪ್ಟೆಂಬರ್ 1ರಿಂದ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಜಾರಿಗಿ ಬಂದದ. ಅದರ 183ನೇ ಸೆಕ್ಷನಿನ್ಯಾಗ ಓವರ್ ಸ್ಪೀಡಿಗಿ ಕಾರು ಬೈಕಿನಂಥ ಹಗುರ ಗಾಡಿಗಿ 1000ದಿಂದ 2000, ಲಾರಿ ಬಸ್ಸಿನಂಥ ದೊಡ್ಡ ಗಾಡಿಗಿ 2000ದಿಂದ 4000. ಕರ್ನಾಟಕದಾಗ ಕಾರಿಗಿ ಬೈಕಿಗಿ 1000 ತಗೋತಾರ. ಎರಡನೇ ಸಲ ಸಿಕ್ರ ಲೈಸೆನ್ಸ್ ಜಪ್ತಿ ಮಾಡ್ಬೇಕು ಅಂತ ಕಾಯ್ದ್ಯಾಗೇ ಅದ. ಜೋರು ಹೊಡ್ಯೋದ್ರ ಜೋಡಿ ಮಂದಿ ಜೀವಕ್ಕ ಅಪಾಯ ಆಗೋಹಂಗ ಹೊಡದ್ರ ಅದು 184ನೇ ಸೆಕ್ಷನಿಗಿ ಹೋಗ್ತದ, ಮೊದಲ್ನೇ ಸಲಕ್ಕೇ ಆರು ತಿಂಗಳಿಂದ ಒಂದು ವರ್ಷದ ತನಕ ಜೈಲು ಇಲ್ಲಾ 1000ದಿಂದ 5000 ದಂಡ, ಇಲ್ಲಾ ಎರಡೂ. 2024 ಆಗಸ್ಟ್ 1ರಿಂದ ಕರ್ನಾಟಕದಾಗ 130 ದಾಟಿ ಹೊಡದ್ರ ಬರೇ ಚಲನ್ ಅಲ್ಲ, ಎಫ್‌ಐಆರ್ ಮಾಡ್ತೀವಿ ಅಂತ ಪೊಲೀಸರು ಹೇಳ್ಯಾರ. ಎಫ್‌ಐಆರ್ ಅಂದ್ರ ಕೋರ್ಟ್, ತಾರೀಖು, ವಕೀಲ್ರು, ನೌಕರಿಗಿ ಅರ್ಜಿ ಹಾಕೋ ಹುಡುಗ್ರಿಗಿ ಪೊಲೀಸ್ ವೆರಿಫಿಕೇಶನಿನ್ಯಾಗ ಅದೊಂದು ತೊಡಕು.

183ನೇ ಸೆಕ್ಷನಿನ್ಯಾಗ ಇನ್ನೆರಡು ಮಾತು ಅವ, ಅವು ನಮ್ಮ ಟ್ರಾವೆಲ್ಸ್ ಮಾಲಕ್ರಿಗಿ ಗೊತ್ತಿರ್ಬೇಕು, ಗೊತ್ತಿದ್ದೋರು ಕಮ್ಮಿ. ಒಂದು, ತನ್ನ ಕೈಕೆಳಗಿನ ಡ್ರೈವರ್ ಕಡಿಂದ ಮಿತಿ ಮೀರಿ ಹೊಡ್ಸಿದ ಮಾಲಕ್ಗೂ ಅದೇ ದಂಡ. ಎರಡು, "ಇಷ್ಟು ಟೈಮಿನ್ಯಾಗ ಮುಟ್ಟು" ಅಂತ ಹುಕುಂ ಕೊಟ್ಟಿದ್ದು, ಆ ಟೈಮಿನ್ಯಾಗ ಮುಟ್ಬೇಕಂದ್ರ ಸ್ಪೀಡ್ ಮೀರಲೇಬೇಕು ಅನ್ನಂಗ ಇದ್ರ, ಆ ಹುಕುಮೇ ಮಾಲಕ್ನ ವಿರುದ್ಧ ಮೊದಲ್ನೇ ಸಾಕ್ಷಿ ಆಗ್ತದ. "ತಮ್ಮಾ, ಪಾರ್ಟಿ ಕಾಯ್ಲತ್ತಾರ, ಒಂದು ತಾಸಿನ್ಯಾಗ ಬೀದರ್ ಮುಟ್ಟು" ಅಂತ ವಾಟ್ಸಾಪಿನ್ಯಾಗ ವಾಯ್ಸ್ ಹಾಕ್ತಾರಲ್ಲ, ನೂರಾಹತ್ತು ಕಿಲೋಮೀಟರ್ ರೋಡು, ಅವರು ಈ ಸೆಕ್ಷನ್ ಒಮ್ಮಿ ಓದ್ಬೇಕು. ಬಾಡಿಗಿ ಗಾಡಿ ಹೊಡಿಯೋ ಹುಡುಗ್ರದ್ದು ಭಾಳ ಸಲ ತಪ್ಪಿರಲ್ಲ, ಫೋನಿನ್ಯಾಗ ಕೂತೋರದ್ದು ಇರ್ತದ, ಮತ್ತ ಚಲನ್ ಬಂದ್ರ ಆ ಹುಡುಗನ ಪಗಾರದಾಗೇ ಕಟ್ ಮಾಡ್ತಾರ. ಗಾಡ್ಯಾಗ ಹಿಂದ ಕೂತ ಗಿರಾಕಿ ನಾವೂ ಬಿ ಅಷ್ಟೇ, "ಜಲ್ದಿ ನಡಿಯಪ್ಪಾ" ಅನ್ನೋದು ಬಿಡ್ಬೇಕು.

"ಪೊಲೀಸಪ್ಪ ಸುಮ್ನ ಕಣ್ಣಂದಾಜಿನ್ಯಾಗ ಹಾಕ್ದ" ಅನ್ನೋರಿಗಿ ಬಿ ಉತ್ತರ ಅದ್ರಾಗೇ ಅದ. ಒಬ್ಬ ಸಾಕ್ಷಿ "ಇವ ಜೋರ್ ಹೊಂಟಿದ್ದ ಅನ್ನಿಸ್ತು" ಅಂದ್ರ ಅಷ್ಟಕ್ಕ ಶಿಕ್ಷಾ ಆಗಲ್ಲ, ಮಶೀನಿನ ಅಳತಿ ಬೇಕು. ಅದಕ್ಕೇ ಇಂಟರ್‌ಸೆಪ್ಟರ್ ಗಾಡಿ, ರಾಡಾರ್ ಗನ್, ಕ್ಯಾಮರಾ. ಕ್ಯಾಮರಾದಾಗ ಸಿಕ್ರ ಹದಿನೈದು ದಿನದೊಳಗ ನೋಟಿಸ್ ಬರ್ಬೇಕು ಅಂತ 2021ರಾಗ ಬಂದ ನಿಯಮ ಅದ, ಫೋಟೋದಾಗ ಗಾಡಿ ನಂಬರ್, ಜಾಗ, ತಾರೀಖು, ಟೈಮ್, ಅಳ್ದ ಸ್ಪೀಡು ಎಲ್ಲಾ ಇರ್ಬೇಕು. ನಿಮ್ಮ ಆರ್‌ಸಿದಾಗ ಹಳೇ ಮೊಬೈಲ್ ನಂಬರ್ ಇದ್ರ ಮೆಸೇಜ್ ಬ್ಯಾರೆ ಯಾರಿಗೋ ಹೋಗ್ತದ, ಮೊದ್ಲು ಅದನ್ನ ಬದಲಿ ಮಾಡ್ಸಕೋರಿ. ಪರಿವಾಹನದ ಇ-ಚಲನ್ ಸೈಟಿನ್ಯಾಗ ಗಾಡಿ ನಂಬರ್ ಮತ್ತ ಚಾಸಿ ನಂಬರಿನ ಕೊನೀ ಅಂಕಿ ಹಾಕಿದ್ರ ಬಾಕಿ ಏನರ ಇದ್ರ ತೋರಸ್ತದ. ವಾಟ್ಸಾಪಿನ್ಯಾಗ "ನಿಮ್ಮ ಗಾಡಿಗಿ ಚಲನ್ ಬಂದದ, ಈ ಫೈಲ್ ಇನ್‌ಸ್ಟಾಲ್ ಮಾಡ್ರಿ" ಅಂತ ಎಪಿಕೆ ಕಳಸ್ತಾರ, ಅದನ್ನ ಒತ್ತಬ್ಯಾಡ್ರಿ, ಅಕೌಂಟ್ ಖಾಲಿ ಮಾಡೋ ಕಳ್ರು ಅವರು. ಸರ್ಕಾರದ್ದು ಇದ್ರ ಸೈಟಿನ ಹೆಸ್ರಿನ ಕೊನೀಗಿ ಡಾಟ್ ಜಿಒವಿ ಡಾಟ್ ಇನ್ ಇರ್ತದ.

ಫೈನಿನ ಬಗ್ಗೆ ನನಗ ಸೇರದ ಒಂದು ವಿಷಯ ಅಂದ್ರ ಅರ್ಧಾ ಮಾಫಿ. 2023ರ ಫೆಬ್ರುವರ್ಯಾಗ ಬಾಕಿ ಚಲನಿಗಿ 50 ಪರ್ಸೆಂಟ್ ರಿಯಾಯಿತಿ ಕೊಟ್ರು, 2025ರಾಗ ಮತ್ತ ಕೊಟ್ರು. ಸರ್ಕಾರಕ್ಕ ಬಾಕಿ ರೊಕ್ಕ ಬಂತು, ಖರೆ. ಆದ್ರ ಮಂದಿ ಏನ್ ಕಲ್ತ್ರು ಅಂದ್ರ ಈಗ ತುಂಬಬ್ಯಾಡ್ರಿ, ಡಿಸ್ಕೌಂಟ್ ಬರ್ತದ ಅಂತ. ಸೀರಿ ಅಂಗಡಿ ಆಷಾಢ ಸೇಲ್ ಕಾಯೋರು ಆದ್ರು. ದಂಡ ಅನ್ನೋದು ತಕ್ಷಣ ತಟ್ಟಿದ್ರ ಮಾತ್ರ ಮುಂದಿನ ಸಲ ಕಾಲು ಮ್ಯಾಲೇಳ್ತದ, ಎರಡು ವರ್ಷ ಬಿಟ್ಟು ಅರ್ಧಾ ತುಂಬಿದ್ರ ಅದು ಯಾವ ರೋಡಿನ್ಯಾಗ ಯಾಕ ಬಿತ್ತು ಅನ್ನೋದೇ ನೆನಪಿರಲ್ಲ. ಬೀಪಿನ ಗುಣ ಇಲ್ಲೇ ಅದ, ಮಿತಿ ದಾಟಿದ ಗಳಿಗ್ಯಾಗೇ ಹೇಳ್ತದ.

ಹಂಗಾರ ಬೀಪಿನ ಕೊರತಿಗಿ ನಾ ಏನ್ ಮಾಡ್ಕೊಂಡೀನಿ ಅಂದ್ರ, ಕೆಲವು ಗಾಡ್ಯಾಗ ಮೀಟರಿನ ಸೆಟ್ಟಿಂಗಿನ್ಯಾಗ ನಮಗ ಬೇಕಾದ ಸ್ಪೀಡಿಗಿ ಇನ್ನೊಂದು ಅಲರ್ಟ್ ಇಟ್ಕೊಳ್ಳಾಕ ಬರ್ತದ, ನಿಮ್ಮದ್ರಾಗ ಇದ್ರ ಅದನ್ನ ಇಡ್ರಿ, ಹಗಲು ನಾ 70ಕ್ಕ ಇಟ್ಟೀನಿ, ರಾತ್ರಿ 60ಕ್ಕ ಇಳಸ್ತೀನಿ. ಗಾಡ್ಯಾಗ ಇಲ್ಲಂದ್ರ ಫೋನಿನ ಗೂಗಲ್ ಮ್ಯಾಪಿನ್ಯಾಗ ಸ್ಪೀಡೋಮೀಟರ್ ಆನ್ ಮಾಡ್ಕೋಬಹುದು, ಮಿತಿ ದಾಟಿದ್ರ ಬಣ್ಣ ಬದಲಿ ಆಗ್ತದ. ಮ್ಯಾಪಲ್ಸ್ ಆ್ಯಪ್ ಬಿ ನೋಡೀನಿ, ಅದು ನಮ್ಮ ದೇಶದ್ದೇ, ಮುಂದ ಸ್ಪೀಡ್ ಬ್ರೇಕರ್ ಅದ ಅಂತ ಮೊದ್ಲೇ ಹೇಳೋದು ನನಗ ಛಲೋ ಅನ್ನಿಸ್ತು, ನಮ್ಮ ಹಳ್ಳಿ ಮುಂದ ಬಣ್ಣ ಹಚ್ಚದ ಬ್ರೇಕರ್ ಎಷ್ಟು ಅವ ಅಂತ ನಿಮಗ ಗೊತ್ತೇ ಅದ. ಆದ್ರ ಆ್ಯಪ್ ಯಾವುದೇ ಇರ್ಲಿ ಅದರ ಮಿತಿ ನಂಬರಿಗಿಂತ ರೋಡಿನ ಬೋರ್ಡ್ ದೊಡ್ಡದು, ಬೋರ್ಡ್ 40 ಅಂದು ಫೋನ್ 70 ಅಂದ್ರ 40ಕ್ಕ ಇಳೀರಿ. ಮತ್ತ ಫೋನ್ ಸ್ಟ್ಯಾಂಡಿನ್ಯಾಗ ಇರ್ಲಿ, ಕೈಯಾಗ ಹಿಡ್ಕೊಂಡ್ರ ಅದಕ್ಕ ಬ್ಯಾರೆ ಫೈನು. ಬೈಕ್ ಹೊಡಿಯೋರಿಗಿ ಈ ಬೀಪ್ ಕಡ್ಡಾಯ ಮಾಡಿಲ್ಲ, ಸಾಯೋರಾಗ ಎಲ್ಲಾರ್ಕಿಂತ ಹೆಚ್ಚು ಬೈಕಿನೋರೇ ಇರೋವಾಗ ಅದಕ್ಕ ಯಾಕ ಇಲ್ಲ ಅನ್ನೋದು ನನ್ನ ದೊಡ್ಡ ತಕರಾರು. ಲಾರಿಗಿ, ಬಸ್ಸಿಗಿ ಸ್ಪೀಡ್ ಗವರ್ನರ್ ಅಂತ ಇರ್ತದ, ಅದು ಬೀಪ್ ಅಲ್ಲ, 80ರ ಮ್ಯಾಲ ಹೋಗ್ಲಾಕೇ ಬಿಡಲ್ಲ, ಟಿಪ್ಪರ್, ಟ್ಯಾಂಕರ್, ಸ್ಕೂಲ್ ಬಸ್ಸಿಗಿ 60ಕ್ಕೇ ಬಂದ್. ಅದನ್ನ ಬಿ ತೆಗ್ಸೋರು ಅದಾರ. ನಿಮ್ಮ ಮಕ್ಕಳ ಸ್ಕೂಲ್ ಬಸ್ಸಿನ ಗವರ್ನರ್ ನಡೀಲತ್ತದೇನು ಅಂತ ಪೇರೆಂಟ್ಸ್ ಮೀಟಿಂಗಿನ್ಯಾಗ ಒಮ್ಮಿ ಕೇಳ್ರಿ, ಫೀಸ್ ಬಗ್ಗೆ ಕೇಳ್ದಂಗೇ ಕೇಳ್ರಿ.

ಟೈಮ್ ಉಳೀತದ ಅನ್ನೋರಿಗಿ ಒಂದು ಲೆಕ್ಕ. ಕಲಬುರಗಿ–ಬೀದರ್ 110 ಕಿಲೋಮೀಟರ್ ಹಿಡೀರಿ. ಎಲ್ಲೂ ನಿಂದ್ರದೇ 70ರಾಗ ಹೋದ್ರ 94 ನಿಮಿಷ, 90ರಾಗ ಹೋದ್ರ 73 ನಿಮಿಷ, ಕಾಗದದ ಮ್ಯಾಲ 21 ನಿಮಿಷ ಉಳೀತು. ಆದ್ರ ನಡುವ ಕಮಲಾಪುರ ಅದ, ಹುಮನಾಬಾದ್ ಅದ, ಹಳ್ಳಿಖೇಡ ಅದ, ಬ್ರೇಕರ್ ಅವ, ಎಮ್ಮಿ ಹಿಂಡು ಅದ, ಅಲ್ಲೆಲ್ಲಾ 70ರೋನೂ 90ರೋನೂ ಒಂದೇ ಲಾರಿ ಹಿಂದ ನಿಂದ್ರತಾರ. ನನ್ನ ಓವರ್‌ಟೇಕ್ ಮಾಡಿ ಹಾರನ್ ಹೊಡ್ಕೊಂಡು ಹೋದ ಗಾಡಿ ಹುಮನಾಬಾದ್ ಸರ್ಕಲಿನ್ಯಾಗ ನನ್ನ ಮುಂದೇ ನಿಂತಿರೋದು ಭಾಳ ಸಲ ನೋಡೀನಿ. ಕಮಲಾಪುರದಾಗ ಇಳ್ದು ಕೆಂಪು ಬಾಳಿಹಣ್ಣು ತಗೊಂಡು ಹೋದ್ರೂ ಹತ್ತು ನಿಮಿಷ ಹಿಂದ ಬೀಳ್ಬಹುದು, ಅಷ್ಟೇ. ಮ್ಯಾಲಾಗಿ 90ರ ಬದ್ಲಿ 70ರಾಗ ಹೊಡದ್ರ ಎಣ್ಣಿ ಖರ್ಚು ಕಮ್ಮಿ ಆಗೋದು ಮೀಟರಿನ್ಯಾಗೇ ಕಾಣ್ತದ.

ರೇಟಿಂಗ್ ಕೇಳಿದ್ರ ಐದಕ್ಕ ನಾಲ್ಕು ಕೊಡ್ತೀನಿ. ಒಂದು ಕಟ್ ಮಾಡಿದ್ದು ಅದಕ್ಕ ರೋಡ್ ಗೊತ್ತಾಗಲ್ಲ ಅನ್ನೋದಕ್ಕ, 70ರ ರೋಡಿನ್ಯಾಗ 80ರ ತನಕ ಸುಮ್ನ ಕೂಡೋದಕ್ಕ. ಕಂಪನಿಯೋರು ಎಲ್ಲಾ ಗಾಡ್ಯಾಗೂ ಅಲರ್ಟ್ ನಂಬರ್ ಇಳ್ಸೋ ಸೆಟ್ಟಿಂಗ್ ಕೊಡ್ಬೇಕು, ಅದಕ್ಕೇನು ದೊಡ್ಡ ಖರ್ಚಿಲ್ಲ.

ಬೀಪಿನ ವೈರ್ ಕಟ್ ಮಾಡ್ಸಿದೋರಿಗಿ: ಕಾಕಾನ ಗಾಡಿ ನಾ ಸರ್ವೀಸಿಗಿ ಬಿಟ್ಟಾಗ ಹೇಳಿ ಬರ್ಸಿದೆ, ಕಂಪನಿ ಸರ್ವೀಸ್ ಸೆಂಟರಿನ್ಯಾಗ ತಿರುಗಿ ಚಾಲೂ ಮಾಡಿಕೊಟ್ರು, ಮಾಮೂಲಿ ಸರ್ವೀಸಿನ ಜೋಡೀನೇ ಆತು. ಕಾನೂನಿಗಿ ಒಪ್ಪದಂಗ ಗಾಡಿ ಬದಲಿ ಮಾಡಿದ್ರ ಒಂದೊಂದು ಬದಲಾವಣಿಗೂ 5000 ದಂಡ ಅಂತ 182ಎ ಸೆಕ್ಷನಿನ್ಯಾಗ ಅದ, ಅದನ್ನ ಬಿ ಅವರಿಗಿ ಹೇಳ್ದೆ, ಆದ್ರ ಅವರು ಒಪ್ಪಿದ್ದು ಅದಕ್ಕಲ್ಲ, ಮೊಮ್ಮಗಳು ಇನ್ನ ಮುಂದ ಆ ಗಾಡ್ಯಾಗೇ ಕಾಲೇಜಿಗಿ ಹೋಗ್ತಾಳ ಅಂದಿದ್ದಕ್ಕ. ಸೆಕೆಂಡ್ ಹ್ಯಾಂಡ್ ಗಾಡಿ ನೋಡ್ಲತ್ತೋರು 2019ರ ಜುಲೈ ನಂತರದ ಮಾಡೆಲ್ ಇದ್ರ ಟ್ರಯಲ್ ಹೊಡ್ಯೋವಾಗ ನಾಲ್ಕು ಲೇನಿನ ರೋಡಿಗಿ ಒಯ್ದು ಒಮ್ಮಿ 80 ದಾಟ್ಸಿ ನೋಡ್ರಿ, ಸಪ್ಪಳ ಬರ್ಲಿಲ್ಲಂದ್ರ ಯಾರೋ ವೈರಿಂಗಿಗಿ ಕೈ ಹಚ್ಚಿರಬಹುದು ಅಂತ ತಿಳ್ಕೋರಿ, ಮತ್ತ ಹಿಂದಿನ ಮಾಲಕ ಆ ಗಾಡಿ ಹೆಂಗ ಹೊಡದಾನ ಅಂತ ಟೈರು, ಬ್ರೇಕ್ ಪ್ಯಾಡು, ಬಾಕಿ ಚಲನ್ ಎಲ್ಲಾ ನೋಡೇ ರೇಟ್ ಮಾತಾಡ್ರಿ.